ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿ: ಗುಜರಿಗೆ ಹಾಕುವ ಮುಂಚೆ

ಮಾಗಡಿ, ಕುದೂರು, ತಿಪ್ಪಸಂದ್ರ ಕಡೆಯ ಹಳ್ಳಿಗಳಲ್ಲಿ ಹಳೆ ಮನೆಗಳ ಕೊಟ್ಟಿಗೆಗೆ ಒಮ್ಮೆ ಇಣುಕಿ ನೋಡಿ. ರಾಗಿ ಹುಲ್ಲಿನ ಹಿಂದೆಯೋ, ಮುರಿದ ನೇಗಿಲ ಪಕ್ಕದಲ್ಲೋ ಒಂದು ಜಾವಾ, ಯೆಜ್ಡಿ ಇಲ್ಲವೇ ರಾಜದೂತ್ ಧೂಳು ಹೊದ್ದು ನಿಂತಿರುವುದು ಅಪರೂಪವೇನಲ್ಲ. ಅಪ್ಪನೋ ದೊಡ್ಡಪ್ಪನೋ ಓಡಿಸಿದ ಗಾಡಿ. ಅದರ ಮೇಲೆ ಕೋಳಿ ಮಲಗುತ್ತದೆ, ಹ್ಯಾಂಡಲ್ಲಿಗೆ ಹಗ್ಗ ನೇತು ಹಾಕಿರುತ್ತಾರೆ.

ಈಗ ನಾಲ್ಕೈದು ವರ್ಷದಿಂದ ಇಂಥ ಗಾಡಿ ಹುಡುಕಿಕೊಂಡು ಬೆಂಗಳೂರಿನಿಂದ ಜನ ಬರುತ್ತಾರೆ. "ಯಜಮಾನ್ರೇ, ಪೂರ್ತಿ ತುಕ್ಕು ಹಿಡಿದದೆ, ಕೆಜಿ ಲೆಕ್ಕಕ್ಕೆ ಹಾಕಿ ಕೊಟ್ಬುಡಿ" ಅನ್ನುತ್ತಾರೆ. ಎರಡು ಮೂರು ಸಾವಿರ ಕೈಗಿಟ್ಟು ಟೆಂಪೋಗೆ ಏರಿಸಿಕೊಂಡು ಹೋಗುತ್ತಾರೆ. ಅದೇ ಗಾಡಿ ರಿಪೇರಿಯಾಗಿ, ಬಣ್ಣ ಬಳಿದುಕೊಂಡು ನಗರದಲ್ಲಿ ನಿಂತರೆ ಲಕ್ಷದ ಮೇಲೆ ಬೆಲೆ ಹೇಳುತ್ತಾರೆ. ನಮ್ಮ ಊರಿನಿಂದಲೇ ನಾನು ಕಂಡ ಹಾಗೆ ಮೂರು ಗಾಡಿ ಹೀಗೆ ಹೋದವು. ಮಾರುವುದು ಬಿಡುವುದು ಅವರವರ ಇಷ್ಟ. ಆದರೆ ಕೈಯಲ್ಲಿ ಏನಿದೆ ಎಂದು ತಿಳಿದು ಮಾರಬೇಕು. ಅದಕ್ಕಾಗಿಯೇ ಈ ಬರಹ.

ನಾನು ಮೆಕ್ಯಾನಿಕ್ ಅಲ್ಲ. ಎರಡೂವರೆ ಎಕರೆಯಲ್ಲಿ ರಾಗಿ, ಅವರೆ, ಹತ್ತಿಪ್ಪತ್ತು ತೆಂಗು, ಒಂದಿಷ್ಟು ಮಾವು ಇಟ್ಟುಕೊಂಡವನು. ನಮ್ಮ ತಂದೆಯವರ 1978ರ ಯೆಜ್ಡಿ 250 ಹದಿನಾರು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. 2022 ಮತ್ತು 2023ರ ಎರಡು ಬೇಸಿಗೆಯಲ್ಲಿ ಅದನ್ನು ಎಬ್ಬಿಸಿದೆ. ಬೋರಿಂಗ್, ಕ್ರ್ಯಾಂಕ್ ಬಿಟ್ಟರೆ ಉಳಿದ ಬಿಚ್ಚುವ ಜೋಡಿಸುವ ಕೆಲಸವೆಲ್ಲ ಮನೆಯಲ್ಲೇ ಆದದ್ದು. ಈಗ ವಾರಕ್ಕೆ ಎರಡು ದಿನ ಮಾಗಡಿಗೆ ಅದರಲ್ಲೇ ಹೋಗಿ ಬರುತ್ತೇನೆ.

ಇದು ನಮ್ಮ ಮೈಸೂರಿನ ಗಾಡಿ

ಜಾವಾ ಹುಟ್ಟಿದ್ದು ಚೆಕ್ ದೇಶದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಕಾರ್ಖಾನೆದಾರ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗ ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ಅದರ ಹೆಸರಿನ ಮೊದಲ ಎರಡು ಅಕ್ಷರ ಕೂಡಿಸಿ 'ಜಾವಾ' ಎಂದು ಕರೆದ. ನಮ್ಮ ಕಡೆ ಬಂದದ್ದು ರುಸ್ತುಮ್ ಇರಾನಿ, ಫಾರೂಕ್ ಇರಾನಿ ಎಂಬ ಪಾರ್ಸಿಗಳಿಂದ. ಅವರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ನಿಂತಿತು. ಎರಡು ಸ್ಟ್ರೋಕಿನ ಹೊಗೆಗೆ ಸರ್ಕಾರದ ನಿಯಮ ಬಿಗಿಯಾಗುತ್ತಿತ್ತು, ಮೈಲೇಜ್ ಜಾಸ್ತಿ ಕೊಡುವ ನೂರು ಸಿಸಿ ಗಾಡಿಗಳು ಊರು ತುಂಬಿದ್ದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಅದೇ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಬೇರೆಯೇ ಎಂಜಿನ್ನಿನ ಹೊಸ ಗಾಡಿಗಳು. ಅವುಗಳ ಸ್ಪೇರು ಇದಕ್ಕೆ ಆಗುವುದಿಲ್ಲ.

ನಮ್ಮ ಕಡೆ ಇದು ಷೋಕಿ ಗಾಡಿಯಾಗಿರಲಿಲ್ಲ. ಹಿಂದಿನ ಸೀಟಿಗೆ ಗೂಡಿನ ಮೂಟೆ ಕಟ್ಟಿಕೊಂಡು ರಾಮನಗರದ ರೇಷ್ಮೆ ಮಾರುಕಟ್ಟೆಗೆ ಹೋಗುತ್ತಿದ್ದವರು ಇದರಲ್ಲೇ. ಎರಡೂ ಕಡೆ ಹಾಲಿನ ಕ್ಯಾನು, ಅವರೆಕಾಯಿ ಮೂಟೆ, ಹೆರಿಗೆಗೆ ಹೊರಟ ಹೆಣ್ಣುಮಗಳು, ಎಲ್ಲವನ್ನೂ ಹೊತ್ತಿದೆ. ಇದರ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಇರುತ್ತದೆ. ಕೆಸರು, ಮರಳು ತಾಗುವುದಿಲ್ಲ. ಈಗಿನ ಗಾಡಿಗಳ ಬರಿ ಚೈನು ಮಳೆಗಾಲದಲ್ಲಿ ನಮ್ಮ ಹೊಲದ ದಾರಿಯಲ್ಲಿ ಏನಾಗುತ್ತದೆ ಎಂದು ನಿಮಗೇ ಗೊತ್ತು.

ರಾಮನಗರ ಅಂದ ಮೇಲೆ ಒಂದು ಮಾತು. 1975ರ 'ಶೋಲೆ' ಸಿನಿಮಾದಲ್ಲಿ ಇಬ್ಬರು ಗೆಳೆಯರು ಪಕ್ಕದ ಡಬ್ಬಿ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಹಾಡುತ್ತಾ ಹೋಗುತ್ತಾರಲ್ಲ, ಅದು ಬಿಎಸ್‌ಎ ಕಂಪನಿಯ ಡಬ್ಲ್ಯೂಎಂ20. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆಂದು ಲಕ್ಷಕ್ಕೂ ಮೇಲೆ ಮಾಡಿದ್ದ 500 ಸಿಸಿ ಗಾಡಿ. ಆ ಗಾಡಿಯನ್ನು ಬೆಂಗಳೂರಿನಲ್ಲಿ ಜೋಪಾನ ಮಾಡಿ ಇಟ್ಟಿದ್ದರು, 2025ರಲ್ಲಿ ಗೋವಾದ ಚಿತ್ರೋತ್ಸವದಲ್ಲಿ ಪ್ರದರ್ಶನಕ್ಕೂ ನಿಂತಿತು. ಸಿನಿಮಾ ತೆಗೆದದ್ದು ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ. ಎಂಬತ್ತು ವರ್ಷದ ಕಬ್ಬಿಣ ಇನ್ನೂ ಉಳಿದಿದೆ ಎಂದರೆ ನಲವತ್ತೈದು ವರ್ಷದ ಯೆಜ್ಡಿ ಯಾವ ಲೆಕ್ಕ?

ಬಿಚ್ಚುವ ಮುಂಚೆ ನೋಡಬೇಕಾದ್ದು

ಮೊದಲು ಆರ್‌ಸಿ ಹುಡುಕಿ. ಹಳೆ ಟ್ರಂಕು, ಅಟ್ಟ, ದೇವರ ಕೋಣೆಯ ಡಬ್ಬಿ ಎಲ್ಲ ತಡಕಿ. ಅದರಲ್ಲಿರುವ ಎಂಜಿನ್ ನಂಬರು, ಛಾಸಿ ನಂಬರು ಗಾಡಿಯ ಮೇಲಿರುವ ನಂಬರಿಗೆ ಹೊಂದುತ್ತದಾ ನೋಡಿ. ಎಂಜಿನ್ ನಂಬರು ಎಂಜಿನ್ನಿನ ಮೈಮೇಲೆ, ಛಾಸಿ ನಂಬರು ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಕುತ್ತಿಗೆಯಲ್ಲಿ ಕೊರೆದಿರುತ್ತದೆ. ಕೊಳೆಯನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತದೆ. ಉಪ್ಪು ಕಾಗದ ಮಾತ್ರ ಹಾಕಬೇಡಿ, ಅಂಕಿ ಸವೆದರೆ ಗಾಡಿಗೆ ಜಾತಕವೇ ಹೋದ ಹಾಗೆ. ನನ್ನ ಗಾಡಿಗೆ ಬಣ್ಣ ಹೊಡೆದವನು ಛಾಸಿ ನಂಬರಿನ ಮೇಲೇ ಪುಟ್ಟಿ ಮೆತ್ತಿದ್ದ. ಆರ್‌ಟಿಒ ಕಚೇರಿಯಲ್ಲಿ ನಿಂತು ಅದನ್ನು ಕೆರೆಯಬೇಕಾಯಿತು. ಬಣ್ಣಕ್ಕೆ ಕೊಡುವಾಗ ಆ ಜಾಗಕ್ಕೆ ಟೇಪು ಅಂಟಿಸಿ ಕೊಡಿ.

ಕಾಗದ ಇಲ್ಲದ, ನಂಬರು ಹೊಂದದ ಗಾಡಿಗೆ ದುಡ್ಡು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ನೋಡಲಷ್ಟೇ ಆದೀತು, ರಸ್ತೆಗೆ ಇಳಿಯುವ ಹಾಗಿಲ್ಲ.

ಆಮೇಲೆ ಎಂಜಿನ್ ಹಿಡಿದುಕೊಂಡಿದೆಯಾ ನೋಡಬೇಕು. ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಮಳೆಗಿಂತ ದೊಡ್ಡ ಶತ್ರು ದನದ ಗಂಜಲ. ಅದರಿಂದ ಏಳುವ ಅಮೋನಿಯಾ ಅಲ್ಯೂಮಿನಿಯಂ, ತಾಮ್ರ ಎರಡನ್ನೂ ತಿನ್ನುತ್ತದೆ. ವೈರು ಹಸಿರಾಗಿ ಪುಡಿಪುಡಿಯಾಗಿರುತ್ತದೆ. ಇಂಥ ಗಾಡಿಗೆ ಹುರುಪಿನಲ್ಲಿ ಕಿಕ್ ಹೊಡೆಯಬಾರದು. ತುಕ್ಕಿಗೆ ಕಚ್ಚಿಕೊಂಡ ರಿಂಗು ಬೋರನ್ನು ಗೀರಿಬಿಡುತ್ತದೆ. ಪ್ಲಗ್ ಬಿಚ್ಚಿ, ಅದರ ತೂತಿನಿಂದ ಅರ್ಧ ಲೋಟ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಸುರಿಯಿರಿ. ನಾಲ್ಕೈದು ದಿನ ಬಿಡಿ. ನಂತರ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ನಿಧಾನಕ್ಕೆ ಅಲ್ಲಾಡಿಸಿ. ಅಂಗುಲ ಅಂಗುಲ ಬಿಟ್ಟುಕೊಳ್ಳುತ್ತದೆ. ನನ್ನದು ಬಿಡಲಿಕ್ಕೆ ಒಂಬತ್ತು ದಿನ ಹಿಡಿಯಿತು. ಸುತ್ತಿಗೆ ತರಬೇಕು ಎನ್ನಿಸುತ್ತದೆ, ತರಬೇಡಿ.

ಎರಡು ಸ್ಟ್ರೋಕ್ ಅಂದರೆ ಏನು

ರೈತನ ಕೈಗೆ ಈ ಗಾಡಿ ಒಗ್ಗುವುದಕ್ಕೆ ಕಾರಣ ಇದರ ಸರಳತನ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ವಾಲ್ವು, ಅದನ್ನು ಎತ್ತುವ ಕ್ಯಾಮು, ಅದನ್ನು ತಿರುಗಿಸುವ ಚೈನು ಬೇಕು. ಇದಕ್ಕೆ ಅದೊಂದೂ ಇಲ್ಲ. ಬೋರಿನ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಆ ಕಿಂಡಿಗಳನ್ನು ತಾನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಪೆಟ್ರೋಲ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಳಗಿಳಿದಾಗ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಕಮ್ಮಾರನ ತಿದಿ ಇದ್ದ ಹಾಗೆ.

ಕೆಳಗೆ ಪೆಟ್ರೋಲೇ ಓಡಾಡುವುದರಿಂದ ಅಲ್ಲಿ ಬೇರೆ ಎಣ್ಣೆ ತುಂಬಿಡುವ ಹಾಗಿಲ್ಲ. ಅದಕ್ಕೇ ಪೆಟ್ರೋಲಿಗೆ 2ಟಿ ಎಣ್ಣೆ ಬೆರೆಸಿ ಹಾಕುವುದು. ಆಯಿಲ್‌ಕಿಂಗ್ ಎಂಬ ಮಾದರಿಗೆ ಮಾತ್ರ ಬೇರೆ ಎಣ್ಣೆ ಪಂಪು ಇತ್ತು. ಲೀಟರಿಗೆ 30ರಿಂದ 40 ಮಿಲಿ. ಹೊಸ ಬೋರಿಂಗ್ ಆಗಿದ್ದರೆ ಮೊದಲ 500 ಕಿಲೋಮೀಟರಿಗೆ 40, ಆಮೇಲೆ 30 ನಾನು ಹಾಕುವುದು. "ಒಂದಿಷ್ಟು ಜಾಸ್ತಿ ಇರಲಿ ಬುಡು" ಎಂದು ಕಣ್ಣಳತೆಯಲ್ಲಿ ಸುರಿದರೆ ಪ್ಲಗ್ ಕಪ್ಪಾಗಿ ಕೂರುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ. ಔಷಧಿ ಹೊಡೆಯುವಾಗ ಬಳಸುವ ಅಳತೆ ಮುಚ್ಚಳವೇ ಸಾಕು, ಆದರೆ ಇದಕ್ಕೆಂದೇ ಹೊಸದೊಂದು ಇಟ್ಟುಕೊಳ್ಳಿ. ಬಂಕಿನಲ್ಲಿ ಮೊದಲು ಎಣ್ಣೆ, ಮೇಲೆ ಪೆಟ್ರೋಲ್. ಆಗ ತಾನೇ ಬೆರೆಯುತ್ತದೆ.

ಎಂಜಿನ್ನಿನಲ್ಲಿ ಮುಖ್ಯವಾಗಿ ಹೋಗುವುದು ಮೂರು. ಪಿಸ್ಟನ್-ಬೋರು, ಕ್ರ್ಯಾಂಕಿನ ಬೇರಿಂಗು, ಅದರ ಎರಡು ಬದಿಯ ಆಯಿಲ್ ಸೀಲು.

ಬೋರು 65 ಮಿಮೀ ಅಗಲ, ಪಿಸ್ಟನ್ ಓಡಾಟ 75 ಮಿಮೀ. ಸವೆದರೆ ಲೇತಿನವರು ಕಾಲು ಮಿಲಿಮೀಟರ್ ಅಗಲ ಮಾಡಿ ಒಂದು ಸೈಜು ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಹೀಗೆ ಒಂದು ಮಿಲಿಮೀಟರಿನವರೆಗೂ ಹೋಗಬಹುದು. ಆದ್ದರಿಂದ ಮೊದಲು ಪಿಸ್ಟನ್ ತಂದು ಕೈಗೆ ಕೊಟ್ಟು, ಅದರ ಅಳತೆಗೇ ಬೋರಿಂಗ್ ಮಾಡಿಸಿ. ಮೊದಲು ಬೋರು ಕೊರೆಸಿ ಆಮೇಲೆ ಪಿಸ್ಟನ್ ಹುಡುಕುವುದು ಸೋರೆಬುರುಡೆಗೆ ಮುಚ್ಚಳ ಹುಡುಕಿದ ಹಾಗೆ.

ಸೀಲಿನ ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ, ಮೆಕ್ಯಾನಿಕ್ಕುಗಳೂ ಇದರಲ್ಲಿ ದುಡ್ಡು ಕೀಳುತ್ತಾರೆ. ಎಡಗಡೆ ಕ್ಲಚ್ ಪೆಟ್ಟಿಗೆ. ಆ ಬದಿಯ ಸೀಲು ಹೋದರೆ ಗೇರಿನ ಎಣ್ಣೆಯನ್ನು ಎಂಜಿನ್ ಕುಡಿಯುತ್ತದೆ. ದಟ್ಟ ಬಿಳಿ ಹೊಗೆ, ತಿಂಗಳೊಳಗೆ ಗೇರ್ ಆಯಿಲ್ ಮಾಯ. ಬಲಗಡೆ ಡೈನಮೋ. ಆ ಬದಿಯ ಸೀಲು ಹೋದರೆ ಹೊರಗಿನ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತದೆ, ಕಾದುಹೋಗುತ್ತದೆ. ಇದನ್ನು ಕಾರ್ಬೋರೇಟರ್ ದೋಷ ಎಂದು ತಿಳಿದು ವರ್ಷಗಟ್ಟಲೆ ಟ್ಯೂನಿಂಗ್ ಮಾಡಿಸುತ್ತಾ ಇರುವವರಿದ್ದಾರೆ. ಸೀಲಿನ ಬೆಲೆ ನೂರಿನ್ನೂರು ರೂಪಾಯಿ. ಹದಿನೈದು ವರ್ಷ ನಿಂತ ಗಾಡಿಯಲ್ಲಿ ರಬ್ಬರು ಕಲ್ಲಾಗಿರುತ್ತದೆ, ಕೇಳದೆಯೇ ಎರಡೂ ಬದಲಿಸಿ.

ಕಿಕ್ಕರ್ ಮತ್ತು ಗೇರ್ ಲಿವರ್ ಇದರಲ್ಲಿ ಒಂದೇ. ಎಡಗಾಲಿನ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹೊಸಬರಿಗೆ ಇದನ್ನು ತೋರಿಸಿದರೆ ಬೆರಗಾಗುತ್ತಾರೆ. ಗೇರು ಹಾಕುವಾಗ ಆ ಲಿವರೇ ಕ್ಲಚ್ಚನ್ನೂ ಬಿಡಿಸುತ್ತದೆ, ಕೈ ಕ್ಲಚ್ ಹಿಡಿಯದಿದ್ದರೂ ಗೇರು ಬೀಳುತ್ತದೆ. ಹಾಗೆಂದು ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ, ಕ್ಲಚ್ ಪ್ಲೇಟಿಗೆ ಒಳ್ಳೆಯದಲ್ಲ. ಇನ್ನೊಂದು ವಿಶೇಷ ಹಳೆಯ ಜಾವಾದ ಬೀಗದ ಕೈ. ಎಲ್ಲ ಗಾಡಿಗೂ ಒಂದೇ ಥರದ ಕೈ, ಅದೂ ಕಳೆದರೆ ಮೊಳೆಯೂ ಆಗುತ್ತಿತ್ತು! ಸಂತೆಯಲ್ಲಿ ಬೇರೆಯವರ ಗಾಡಿ ಹತ್ತಿಕೊಂಡು ಬಂದ ಕತೆ ಪ್ರತಿ ಊರಲ್ಲೂ ಒಂದಿದೆ. ಈಗ ಬೆಲೆ ಬಂದಿರುವುದರಿಂದ ಚಕ್ರಕ್ಕೆ ಸರಪಳಿ ಬೀಗ ಹಾಕುವುದು ಲೇಸು.

ಮನೆಯಲ್ಲೇ ಆಗುವ ಕೆಲಸಗಳು

ಟ್ಯಾಂಕಿನ ತುಕ್ಕು ತೆಗೆಯುವುದು ಸುಲಭ. ಒಂದು ಹಿಡಿ ಸಣ್ಣ ಜಲ್ಲಿ ಒಳಗೆ ಹಾಕಿ, ಸ್ವಲ್ಪ ನೀರು ಬಿಟ್ಟು, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಬೇಕು. ಹೆಕ್ಕಳಿಕೆ ಎಲ್ಲ ಉದುರುತ್ತದೆ. ಜಲ್ಲಿ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ನಂತರ ಬಿಸಿನೀರಿಗೆ ಲೀಟರಿಗೆ 100 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿ ಟ್ಯಾಂಕ್ ತುಂಬಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಕ್ಷಣ ಒಳಗೆ 2ಟಿ ಎಣ್ಣೆ ಸುತ್ತಾಡಿಸಿ. ಒಂದು ಗಂಟೆ ಬರಿದೇ ಬಿಟ್ಟರೂ ಮತ್ತೆ ಕೆಂಪು ಏರುತ್ತದೆ. ಬಣ್ಣಕ್ಕೆ ಕೊಡುವ ಮುಂಚೆಯೇ ಈ ಕೆಲಸ ಮುಗಿಸಬೇಕು, ಹುಳಿ ನೀರು ಹೊರಗೆ ಚೆಲ್ಲಿದರೆ ಹೊಸ ಬಣ್ಣ ಹಾಳು.

ಎರಡು ಸೈಲೆನ್ಸರಿನ ಒಳಗಿನ ಕೊಳವೆಗೆ ಮಸಿ ಕಟ್ಟಿ ಗಾಡಿ ಎಳೆಯುವುದೇ ಇಲ್ಲ. ಕೊಳವೆ ಎಳೆದು ತೆಗೆದು ಬೆರಣಿ ಬೆಂಕಿಯಲ್ಲಿ ಅರ್ಧ ಗಂಟೆ ಸುಟ್ಟರೆ ಮಸಿ ಉದುರಿ ಬೀಳುತ್ತದೆ. ಕಾಸ್ಟಿಕ್ ಸೋಡಾ ಬಳಸುವವರೂ ಇದ್ದಾರೆ. ಅದು ಕೈ ಸುಡುತ್ತದೆ, ಅಲ್ಯೂಮಿನಿಯಂ ಭಾಗಕ್ಕೆ ತಾಗಿದರೆ ಅದನ್ನೇ ಕರಗಿಸುತ್ತದೆ. ನನಗೆ ಬೆರಣಿಯೇ ವಾಸಿ. ವರ್ಷಕ್ಕೊಮ್ಮೆ ಸಾಕು.

ಪಾಯಿಂಟಿನ ಸಂದು 0.4 ಮಿಮೀ, ಪ್ಲಗ್ಗಿನ ಸಂದು 0.6 ಮಿಮೀ. ಫೀಲರ್ ಗೇಜ್ ಎಂಬ ತಗಡಿನ ಕಟ್ಟು ನೂರೈವತ್ತು ರೂಪಾಯಿಗೆ ಸಿಗುತ್ತದೆ, ಒಮ್ಮೆ ಕೊಂಡರೆ ಆಯಸ್ಸಿಗೆ. ಪ್ಲಗ್ಗಿನ ಬಣ್ಣ ಓದುವುದನ್ನು ಕಲಿಯಿರಿ. ಒಳ್ಳೆ ಬೆಲ್ಲದ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಕಾಯುತ್ತಿದೆ. ಜಿಡ್ಡು ಜಿಡ್ಡಾಗಿ ಕರ್ರಗಿದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ. ಬೆಳೆಯ ಎಲೆ ನೋಡಿ ರೋಗ ಹೇಳುವ ನಮಗೆ ಇದೇನು ಕಷ್ಟದ ವಿದ್ಯೆಯಲ್ಲ.

ಡೈನಮೋ 6 ವೋಲ್ಟಿನದು. ನಿಧಾನಕ್ಕೆ ಹೋದರೆ ದೀಪ ಮಿಣುಕು. ಹನ್ನೆರಡು ವೋಲ್ಟಿಗೆ ಬದಲಿಸುವವರಿದ್ದಾರೆ, ಮೂರು ನಾಲ್ಕು ಸಾವಿರದ ಬಾಬತ್ತು. ನಾನು ಕತ್ತಲಲ್ಲಿ ಓಡಿಸುವುದಿಲ್ಲ, ಬದಲಿಸಲೂ ಇಲ್ಲ. ಹಳೆ ವೈರಿಗೆ ತೇಪೆ ಹಾಕುವ ಬದಲು ಪೂರ್ತಿ ಹೊಸ ವೈರಿಂಗ್ ಎಳೆಯುವುದೇ ಒಳ್ಳೆಯದು. ಇಲಿ ಕಡಿದ ಜಾಗ ಒಂದು ಕಂಡರೆ ಕಾಣದ್ದು ನಾಲ್ಕಿರುತ್ತದೆ.

ಹೊಸ ಪೆಟ್ರೋಲಿನ ತೊಂದರೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 20 ಭಾಗ ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲೇ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಗಿ ಅದೇ ಬಂತು. ಎಥನಾಲ್ ಬರುವುದು ಕಬ್ಬಿನಿಂದ, ಕಾಕಂಬಿಯಿಂದ, ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದ. ಬೆಳೆಗಾರನಾಗಿ ನಾನು ಇದಕ್ಕೆ ಬೇಡ ಅನ್ನುವುದಿಲ್ಲ. ಆದರೆ 1978ರಲ್ಲಿ ಈ ಗಾಡಿ ಮಾಡಿದವರ ತಲೆಯಲ್ಲಿ ಎಥನಾಲ್ ಇರಲಿಲ್ಲ. ಮಂಡ್ಯದ ಕಬ್ಬು ಗೆದ್ದಲ್ಲಿ ನನ್ನ ಯೆಜ್ಡಿಯ ಕಾಕು ಸೋರತೊಡಗಿತು, ಅಷ್ಟೆ.

ಎಥನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಬಹಳ ದಿನ ನಿಂತ ಟ್ಯಾಂಕಿನಲ್ಲಿ ನೀರು ಜಾಸ್ತಿಯಾದರೆ ಎಥನಾಲೂ ನೀರೂ ಕೂಡಿಕೊಂಡು ತಳಕ್ಕೆ ಇಳಿಯುತ್ತವೆ. ಕಾರ್ಬೋರೇಟರಿಗೆ ಮೊದಲು ಹೋಗುವುದು ತಳದ್ದೇ. ಅದರಲ್ಲಿ 2ಟಿ ಎಣ್ಣೆ ಬೆರೆತಿರುವುದಿಲ್ಲ. ಎಣ್ಣೆಯಿಲ್ಲದೆ ಪಿಸ್ಟನ್ ಓಡಿದರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಹಳೆ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ. ಕಾಕಿನೊಳಗಿನ ಬೆಂಡಿನ ಬಿರಡೆ ಕೆಡುತ್ತದೆ. ಟ್ಯಾಂಕಿನ ಹಳೆ ತುಕ್ಕು, ಗೋಂದು ಬಿಟ್ಟುಕೊಂಡು ಜೆಟ್ಟಿನ ತೂತಿಗೆ ಸಿಕ್ಕಿಕೊಳ್ಳುತ್ತದೆ.

ನಾನು ಮಾಡಿಕೊಂಡದ್ದು ಇಷ್ಟು. ಎಥನಾಲ್ ತಡೆಯುವ ಪೈಪು ಕೇಳಿ ತಂದು ಹಾಕಿದೆ. ಕಾಕಿಗೆ ಹೊಸ ಬಿರಡೆ. ನಡುವೆ ಸಣ್ಣ ಫಿಲ್ಟರು. ಟ್ಯಾಂಕಿಗೆ ಒಂದು ವಾರಕ್ಕಾಗುವಷ್ಟೇ, ಎರಡು ಮೂರು ಲೀಟರು. ಮನೆಗೆ ಬಂದಾಗ ಅಂಗಳದಲ್ಲೇ ಕಾಕು ಮುಚ್ಚಿ, ಕಾರ್ಬೋರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನೇ ನಿಲ್ಲುವವರೆಗೆ ಬಿಡುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ಬಸಿದುಬಿಡುವುದು. ಎಥನಾಲಿಗೆ ಉರಿಯಲು ಗಾಳಿ ಕಡಿಮೆ ಸಾಕು. ಹಳೆ ಜೆಟ್ಟಿನಲ್ಲೇ ಓಡಿಸಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದ ಹಾಗಾಗಿ ಪ್ಲಗ್ ಬೆಳ್ಳಗಾಗುತ್ತದೆ. ಕಾರ್ಬೋರೇಟರಿನ ಸೂಜಿಯಲ್ಲಿ ಗೀರುಗಳಿವೆ, ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಸ್ವಲ್ಪ ಹೆಚ್ಚು ಬರುತ್ತದೆ. ಅಷ್ಟು ಮಾಡಿದ ಮೇಲೆ ಪ್ಲಗ್ ಮತ್ತೆ ಬೆಲ್ಲದ ಬಣ್ಣಕ್ಕೆ ಬಂತು. ಮೈಲೇಜ್ ಮಾತ್ರ ಲೀಟರಿಗೆ 30 ಇದ್ದದ್ದು 27ಕ್ಕೆ ಇಳಿಯಿತು.

ಖರ್ಚು

ನನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ: ಪಿಸ್ಟನ್ ಮತ್ತು ಬೋರಿಂಗ್ 3,200 ರೂಪಾಯಿ, ಕ್ರ್ಯಾಂಕ್ ಬಿಚ್ಚಿ ಬೇರಿಂಗು ಸೀಲು ಹಾಕಿದ್ದು 3,800, ಕ್ಲಚ್ ಪ್ಲೇಟು ಮತ್ತು ಒಳ ಚೈನು 1,900, ಕಾರ್ಬೋರೇಟರ್ ಕಿಟ್ಟು ಕಾಕು ಪೈಪು 900, ವೈರಿಂಗ್ ಬ್ಯಾಟರಿ ಕಾಯಿಲು 2,700, ಎರಡು ಟೈರು ಟ್ಯೂಬು 4,100, ಸ್ಪೋಕು ಮತ್ತು ಬ್ರೇಕ್ ಲೈನರು 2,000, ಬಣ್ಣ 5,500, ಸೀಟು 1,300, ನಟ್ಟು ಬೋಲ್ಟು ಪ್ಯಾಕಿಂಗು ಓಡಾಟ 2,600. ಒಟ್ಟು 28,000. ಕ್ರೋಮಿಯಂ ಲೇಪ ಮಾಡಿಸಲಿಲ್ಲ. ಅದಕ್ಕೇ ಹತ್ತು ಸಾವಿರ ಕೇಳಿದರು. ಮಿಂಚದಿದ್ದರೂ ಗಾಡಿ ಓಡುತ್ತದೆ. ಇದ್ದ ಹಳೆ ಕ್ರೋಮನ್ನು ಬೂದಿ ಹಚ್ಚಿ ಉಜ್ಜಿದ್ದೇ ಸಾಕಾಯಿತು.

ಇದನ್ನು ಲಾಭದ ಬಾಬತ್ತು ಎಂದು ಯಾರಿಗೂ ಹೇಳಲಾರೆ. ಇದು ಹವ್ಯಾಸ. ಒಕ್ಕಣೆ ಮುಗಿದು, ಅವರೆ ಕಾಲ ಕಳೆದು, ಸಂಕ್ರಾಂತಿಯಿಂದ ಮುಂಗಾರಿನ ತನಕ ಕೈ ಬಿಡುವಿರುವಾಗ ದಿನಕ್ಕೆ ಒಂದು ಗಂಟೆ ಮಾಡಿದ ಕೆಲಸ. ಸಾಲ ಎತ್ತಿ, ಹಸು ಮಾರಿ ಮಾಡುವಂಥದಲ್ಲ. "ಈ ಗುಜರಿಗೆ ಹಾಕೋ ದುಡ್ಡಲ್ಲಿ ಇನ್ನೊಂದು ಮೇಕೆ ತರಬಹುದಿತ್ತು" ಎಂದು ಮನೆಯವಳು ಎರಡು ವರ್ಷವೂ ಹೇಳಿದಳು. ಈಗ ಸಾವನದುರ್ಗಕ್ಕೆ ಹೋಗುವಾಗ ಮಾತ್ರ ಹೊಸ ಗಾಡಿ ಬೇಡ, ಇದೇ ಇರಲಿ ಅನ್ನುತ್ತಾಳೆ.

ಸ್ಪೇರಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲವೇ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆ. ಮೈಸೂರಿನಲ್ಲೂ ಹಳೆ ಅಂಗಡಿಗಳಿವೆ. ಹಳೆ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳಿ. ಈಗ ಬರುವುದೆಲ್ಲ ಸಣ್ಣ ಕಾರ್ಖಾನೆಗಳ ಮಾಲು, ಒಂದು ಚೆನ್ನಾಗಿದ್ದರೆ ಇನ್ನೊಂದು ಕೂರುವುದೇ ಇಲ್ಲ. ಸವೆದರೂ ಕಂಪನಿಯದ್ದೇ ಭಾಗವಾಗಿದ್ದರೆ ಬಿಸಾಡಬೇಡಿ, ಲೇತಿನಲ್ಲಿ ಸರಿಮಾಡಿಸಬಹುದಾ ಕೇಳಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರು, ಮೈಸೂರು ಕಡೆ ಈ ಗಾಡಿಗಳವರೆಲ್ಲ ಸೇರುತ್ತಾರೆ. ಯಾವ ಭಾಗ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಒಂದು ದಿನ ಕಿವಿಗೊಟ್ಟರೆ ಆರು ತಿಂಗಳ ಅಲೆದಾಟ ತಪ್ಪುತ್ತದೆ.

ಕಾಗದ ಪತ್ರ

ಹದಿನೈದು ವರ್ಷವಾದ ಗಾಡಿ ರಸ್ತೆಗೇ ಇಳಿಯಬಾರದು ಎಂಬ ಸುದ್ದಿ ಊರಲ್ಲಿ ಓಡಾಡುತ್ತದೆ. ಗಾಡಿ ಕೊಳ್ಳಲು ಬರುವವರೂ ಇದನ್ನೇ ಹೇಳಿ ಹೆದರಿಸುತ್ತಾರೆ. ದೆಹಲಿಯ ಪಾಡು ಬೇರೆ. ನಮ್ಮಲ್ಲಿ ಹದಿನೈದು ವರ್ಷದ ನಂತರ ಗಾಡಿ ತೋರಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ನಾವು ಎಫ್‌ಸಿ ಅನ್ನುತ್ತೇವಲ್ಲ, ಅದೇ. ಅರ್ಜಿ ಫಾರಂ 25. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ಶುಲ್ಕ 2,000 ರೂಪಾಯಿ ಆಗಿದೆ. ಇದಲ್ಲದೆ ಹಸಿರು ತೆರಿಗೆ, ಕಟ್ಟದೆ ಬಿಟ್ಟ ವರ್ಷಗಳ ದಂಡ ಬರುತ್ತದೆ. ಎಷ್ಟಾಗುತ್ತದೆ ಎಂದು ರಾಮನಗರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಕೆಲಸಕ್ಕೆ ಕೈ ಹಾಕಿ. ಗಾಡಿ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗ ಮಾಡಿಸಬೇಕು. ಮರಣ ಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಸಿದ್ಧವಿರಲಿ. ನೆಲದ ಖಾತೆ ಬದಲಾವಣೆಗೆ ತೆಗೆಸಿದ ಕಾಗದಗಳೇ ಇಲ್ಲಿಗೂ ಬರುತ್ತವೆ. ಮೂರನೆಯವರ ವಿಮೆ ಕಡ್ಡಾಯ. ಹೊಗೆ ಪರೀಕ್ಷೆಯಲ್ಲಿ 2000ಕ್ಕೆ ಹಿಂದಿನ ಎರಡು ಸ್ಟ್ರೋಕ್ ಗಾಡಿಗೆ ಇಂಗಾಲದ ಮಾನಾಕ್ಸೈಡ್ ಶೇಕಡಾ 4.5ರ ಒಳಗೆ, ಹೈಡ್ರೋಕಾರ್ಬನ್ 9,000ದ ಒಳಗೆ ಇರಬೇಕು. ಸೀಲು, ರಿಂಗು ಸರಿಯಿದ್ದರೆ ಗಾಡಿ ಬಿಸಿಯಾದ ಮೇಲೆ ಇದನ್ನು ದಾಟುತ್ತದೆ.

50 ವರ್ಷ ದಾಟಿದ ಗಾಡಿಗೆ 2021ರಿಂದ ಬೇರೆ ನಿಯಮ ಇದೆ. ಮೂಲ ರೂಪದಲ್ಲೇ ಇದ್ದರೆ ವಿಂಟೇಜ್ ಎಂದು 'ವಿಎ' ಎಂಬ ಅಕ್ಷರವಿರುವ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ. ಸಂತೆಗೆ ಹೋಗುವ ನಮ್ಮಂಥವರಿಗೆ ಅದು ಪ್ರಯೋಜನವಿಲ್ಲ. ನನ್ನ ಗಾಡಿಗೆ 2028ಕ್ಕೆ 50 ತುಂಬುತ್ತದೆ, ಆಗಲೂ ಮಾಮೂಲಿ ಆರ್‌ಸಿಯನ್ನೇ ಮುಂದುವರಿಸುವ ಯೋಚನೆ.

ಓಡಿಸುವಾಗ ಒಂದು ನೆನಪಿರಲಿ, ಇದರ ಬ್ರೇಕು ಹಳೆ ಕಾಲದ ಡ್ರಮ್ಮು. ಮಾಗಡಿ ರಸ್ತೆಯಲ್ಲಿ ಈಗಿನ ಕಾರುಗಳ ಹಿಂದೆ ಅಂಟಿಕೊಂಡು ಹೋಗಬಾರದು. ನಾನು ಐವತ್ತರ ಮೇಲೆ ಓಡಿಸುವುದಿಲ್ಲ.

ರಾಗಿ ಕೊಯ್ಲಿನ ಎರಡು ತಿಂಗಳು ಗಾಡಿ ಮುಟ್ಟಲು ಪುರಸೊತ್ತು ಇರುವುದಿಲ್ಲ. ಆಗ ಟ್ಯಾಂಕ್ ಬಸಿದು ಒಳಗೆ ಎಣ್ಣೆ ಸವರಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟು, ಪ್ಲಗ್ ತೂತಿಗೆ ಎರಡು ಚಮಚ 2ಟಿ ಎಣ್ಣೆ ಬಿಟ್ಟು ನಿಧಾನಕ್ಕೆ ಒಂದೆರಡು ಸಲ ಕಿಕ್ ತುಳಿಯುತ್ತೇನೆ. ಎರಡೂ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ತುರುಕಿದ ಬಟ್ಟೆಯ ಒಂದು ತುದಿ ಕೆಂಪಗೆ ಹೊರಗೆ ನೇತಾಡುತ್ತಿರಲಿ, ಸ್ಟಾರ್ಟ್ ಮಾಡುವ ಮುಂಚೆ ಕಣ್ಣಿಗೆ ಬೀಳುತ್ತದೆ. ನಿಲ್ಲಿಸುವ ಜಾಗ ಎಲ್ಲಿಯಾದರೂ ಇರಲಿ, ದನದ ಕೊಟ್ಟಿಗೆ ಮಾತ್ರ ಬೇಡ.